ಮಧ್ಯರಾತ್ರಿ ಮೋಟಾರ್ ಹಾಕಿದ್ದು ಯಾರು?

16 ಮಾರ್ಚ್ 2025, ಭಾನುವಾರ
ಕೋಲಾರ

ಬುಧವಾರ ಬೆಳಗ್ಗೆ ಹತ್ತೂವರೆಗೆ ಅಮ್ಮನ ಫೋನ್ ಬಂತು. ನಾನಾಗ ವೈಟ್‌ಫೀಲ್ಡ್‌ನ ಆಫೀಸಿನಲ್ಲಿದ್ದೆ. "ರಾತ್ರಿ ಹನ್ನೆರಡೂವರೆಗೆ ನಮ್ಮನೇಲಿ ಮೋಟಾರ್ ಓಡಿದೆ ಕಣೇ. ಮುಕ್ಕಾಲು ಗಂಟೆ. ನಿನ್ನ ಪೆಟ್ಟಿಗೆ ತೋರಿಸ್ತಾ ಇದೆ. ನಿಮ್ಮಪ್ಪನ್ನ ಕೇಳಿದ್ರೆ ನಾನು ಹಾಕೇ ಇಲ್ಲ ಅಂತಾರೆ" ಅಂದಳು. ಹಿಂದಿನಿಂದ ಅಪ್ಪನ ದನಿ: "ಅಷ್ಟೊತ್ತಲ್ಲಿ ಕರೆಂಟೇ ಇರಲಿಲ್ಲಮ್ಮ!"

ಅಪ್ಪ ಹೇಳಿದ್ದು ನಿಜ. ಮಂಗಳವಾರ ರಾತ್ರಿ 11.50ಕ್ಕೆ ಹೋದ ಕರೆಂಟ್ ಬಂದಿದ್ದು ಬುಧವಾರ ಬೆಳಗಿನ ಜಾವ ಐದಕ್ಕೆ. ಕರೆಂಟೇ ಇಲ್ಲದ ಹೊತ್ತಿನಲ್ಲಿ ಮೋಟಾರ್ ಓಡಿದೆ ಅಂತ, ಮನೆಯ ಕರೆಂಟ್ ಬಳಕೆ ಅಳೆಯಲು ನಾನು ಇಟ್ಟ ಪೆಟ್ಟಿಗೆ ಸಾಕ್ಷಿ ಹೇಳುತ್ತಿದೆ. ನನಗೆ ನಿಜಕ್ಕೂ ಹೊಟ್ಟೆಯಲ್ಲಿ ಸಂಕಟವಾಯಿತು. ಎರಡು ವರ್ಷದಿಂದ ಆ ಪೆಟ್ಟಿಗೆ ಏನು ಹೇಳಿದರೂ ಅಮ್ಮ ನಂಬಿದ್ದಾಳೆ. ಅದು ಸುಳ್ಳು ಹೇಳಿತು ಅಂದರೆ ನಾನು ಸುಳ್ಳು ಹೇಳಿದ ಹಾಗೆ.

ಗೊತ್ತಿಲ್ಲದವರಿಗೆ ಪೆಟ್ಟಿಗೆಯ ವಿಷಯ ಇಷ್ಟು. ಮೀಟರ್ ಬೋರ್ಡ್ ಪಕ್ಕದಲ್ಲಿ ಒಂದು ರಾಸ್ಪ್‌ಬೆರಿ ಪೈ 3 ಇದೆ, ಅಂಗೈಯಗಲದ ಪುಟ್ಟ ಕಂಪ್ಯೂಟರ್. ಮೀಟರಿನಿಂದ ಮನೆಯೊಳಗೆ ಬರುವ ಫೇಸ್ ವೈರಿನ ಮೇಲೆ ಬಟ್ಟೆ ಕ್ಲಿಪ್ಪಿನಂತೆ ಕಚ್ಚಿಕೊಳ್ಳುವ ಒಂದು ಸಿ.ಟಿ. ಸೆನ್ಸರ್, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್. ವೈರನ್ನು ಕತ್ತರಿಸುವುದಿಲ್ಲ, ಮೀಟರಿನ ಸೀಲ್ ಮುಟ್ಟುವುದಿಲ್ಲ. ಕ್ಲಿಪ್ ಹಾಕಿಕೊಟ್ಟಿದ್ದು ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಿಪ್ಪಿನೊಳಗೆ ತೂರಿಸಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ, ಒಂದೇ ವೈರ್ ಇರಬೇಕು. ಸೆನ್ಸರನ್ನು ಓದುವುದಕ್ಕೆ ಆರ್ಡುಯಿನೊ ಅನ್ನುವ ಚಿಕ್ಕ ಸರ್ಕ್ಯೂಟ್ ಬೋರ್ಡು, ಲೆಕ್ಕ ಇಡುವುದಕ್ಕೆ ಎಮಾನ್‌ಸಿಎಂಎಸ್. ಇದು ವೇಲ್ಸ್‌ನಲ್ಲಿರುವ ಓಪನ್ ಎನರ್ಜಿ ಮಾನಿಟರ್ ಬಳಗದವರ ಮುಕ್ತ ತಂತ್ರಾಂಶ. ಹತ್ತು ಸೆಕೆಂಡಿಗೊಮ್ಮೆ ಒಂದು ಸಂಖ್ಯೆ ಬರೆದಿಡುತ್ತದೆ. ಒಂದು ಸಂಖ್ಯೆಗೆ ನಾಲ್ಕು ಬೈಟ್. ದಿನಕ್ಕೆ 8,640 ಸಂಖ್ಯೆ, ಅಂದರೆ 34,560 ಬೈಟ್. ವರ್ಷಕ್ಕೆ ಹನ್ನೆರಡೂವರೆ ಎಂಬಿ ಚಿಲ್ಲರೆ. ನಮ್ಮ ಮನೆಯಲ್ಲಿ ಮಿಕ್ಸಿ ತಿರುಗಿದ್ದು, ಫ್ರಿಜ್ ಗುರ್ ಅಂದಿದ್ದು, ಹಬ್ಬದ ಹಿಂದಿನ ದಿನ ಗ್ರೈಂಡರ್ ಓಡಿದ್ದು ಎಲ್ಲ ಸೇರಿ ಇಡೀ ವರ್ಷಕ್ಕೆ ಫೋನಿನ ಮೂರು ನಾಲ್ಕು ಫೋಟೊಗಳಷ್ಟು ಜಾಗ.

ಸಂಜೆ ಮನೆಗೆ ಬಂದ ಮೇಲೆ ಅಪ್ಪ ತಮ್ಮ ನೋಟ್‌ಬುಕ್ ತಂದು ಮುಂದಿಟ್ಟರು. ತಾತ ಕೆಜಿಎಫ್ ಗಣಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿದ್ದವರು. ಗಂಟೆಗೊಮ್ಮೆ ಆಮೀಟರ್ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲಿ ಆ ಗಣಿಗಳಿಗೆ ಕರೆಂಟ್ ತಂದಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ನಮ್ಮ ಜಿಲ್ಲೆಯದೇ ಮೊದಲು ಅನ್ನುವುದನ್ನು ತಾತ ಸಾಯುವವರೆಗೂ ಹೇಳುತ್ತಿದ್ದರು. ಗಣಿ 2001ರಲ್ಲಿ ಮುಚ್ಚಿತು, ಬರೆದಿಡುವ ಅಭ್ಯಾಸ ಅಪ್ಪನಿಗೆ ಬಂತು. ನೋಟ್‌ಬುಕ್ಕಿನಲ್ಲಿ ಅಪ್ಪನ ದುಂಡು ಅಕ್ಷರ: "12-3, ಬೆ. 6.05ರಿಂದ 6.45, ಮೋಟಾರ್, ಟ್ಯಾಂಕ್ ತುಂಬಿತು."

ಮುಕ್ಕಾಲು ಗಂಟೆಗೆ ಐದು ನಿಮಿಷ ಕಮ್ಮಿ. ಗ್ರಾಫ್ ತೋರಿಸುತ್ತಿದ್ದುದೂ ನಲವತ್ತೇ ನಿಮಿಷ, 12.22ರಿಂದ 1.02. ಅಲ್ಲಿಗೆ ಗುಟ್ಟು ರಟ್ಟಾಯಿತು. ಮೋಟಾರ್ ಸರಿ, ಗಡಿಯಾರ ತಪ್ಪು.

ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಕರೆಂಟ್ ಹೋದರೆ ಹೊತ್ತು ಮರೆತುಹೋಗುತ್ತದೆ. ಪೂರ್ತಿ ಮರೆಯದಿರಲಿ ಅಂತ ಅದರೊಳಗಿನ ಒಂದು ಪುಟ್ಟ ಪ್ರೋಗ್ರಾಂ ಗಂಟೆಗೊಮ್ಮೆ ಸಮಯವನ್ನು ಮೆಮೊರಿ ಕಾರ್ಡಿನಲ್ಲಿ ಬರೆದಿಡುತ್ತದೆ. ಆ ರಾತ್ರಿ ಕೊನೆಯದಾಗಿ ಬರೆದಿಟ್ಟಿದ್ದು 11.17ಕ್ಕೆ. ಬೆಳಗಿನ ಜಾವ ಐದಕ್ಕೆ ಎಚ್ಚರವಾದಾಗ ಪೈ ಈಗ 11.17 ಅಂದುಕೊಂಡೇ ಎದ್ದಿದೆ. ಸಾಮಾನ್ಯವಾಗಿ ಇಂಟರ್ನೆಟ್ಟಿನಿಂದ ಸಮಯ ಕೇಳಿ ಅರೆ ನಿಮಿಷದಲ್ಲಿ ತಿದ್ದಿಕೊಳ್ಳುತ್ತದೆ. ಅವತ್ತು ಇಂಟರ್ನೆಟ್ಟೂ ಇರಲಿಲ್ಲ, ಬಂದಿದ್ದು 9.10ಕ್ಕೆ. ನಾಲ್ಕು ಗಂಟೆ ಹತ್ತು ನಿಮಿಷದ ಲೆಕ್ಕ ಪೂರ್ತಿ 5 ಗಂಟೆ 43 ನಿಮಿಷ ಹಿಂದಕ್ಕೆ ಹೋಗಿ ಕೂತಿದೆ.

ಇದಕ್ಕೆ ಮದ್ದು ದುಬಾರಿಯೇನಲ್ಲ. ಗುರುವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಡಿಎಸ್ 3231 ಗಡಿಯಾರದ ಮಾಡ್ಯೂಲ್ ತಂದೆ. ಪುಟ್ಟ ಬೋರ್ಡು, ಹಿಂದೆ ಸಿಆರ್ 2032 ಬಿಲ್ಲೆ ಬ್ಯಾಟರಿ, ನಾಲ್ಕು ವೈರು. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು. ನಿನ್ನೆ ಕೂರಿಸಿ, ರೌಟರ್ ಆಫ್ ಮಾಡಿ, ಪೈ ಪ್ಲಗ್ ಕಿತ್ತು, ಊಟ ಮಾಡಿ ಬಂದು ಹಾಕಿದೆ. ಸಮಯ ಸರಿಯಾಗಿತ್ತು.

ಆದರೆ ನನ್ನನ್ನು ಕಾಡಿದ್ದು ಗಡಿಯಾರವಲ್ಲ. ಬುಧವಾರ ಬೆಳಗ್ಗೆ ಆರು ಗಂಟೆಯಲ್ಲೇ ಅಪ್ಪ "ಏನೋ ಸರಿಯಿಲ್ಲ" ಅಂದುಕೊಂಡಿದ್ದರಂತೆ, ಪೆಟ್ಟಿಗೆಯನ್ನು ಕೇಳುವುದು ಹೇಗೆ ಅಂತ ಗೊತ್ತಾಗಲಿಲ್ಲವಂತೆ. ಕೇಳುವ ಕಮಾಂಡುಗಳೆಲ್ಲ ನನ್ನ ತಲೆಯಲ್ಲಿದ್ದವು, ನಾನು ಹೊಸಕೋಟೆ ದಾಟಿ ಬಸ್ಸಿನಲ್ಲಿದ್ದೆ. ಈ ಪೆಟ್ಟಿಗೆ ಇರುವುದು ಮನೆಯಲ್ಲಿ, ನೋಡಿಕೊಳ್ಳುವವರೂ ಮನೆಯಲ್ಲಿರುವವರೇ. ಅವರ ಮಾತಿನಲ್ಲಿ ಕೇಳಿದರೆ ಅವರ ಮಾತಿನಲ್ಲೇ ಉತ್ತರ ಕೊಡಬೇಕು. ನನ್ನ ಹಳೆಯ ಸ್ಕ್ರಿಪ್ಟುಗಳನ್ನೆಲ್ಲ, ಅಂದರೆ ಪುಟ್ಟ ಪ್ರೋಗ್ರಾಂಗಳನ್ನೆಲ್ಲ, ಒಟ್ಟುಮಾಡಿ ಎರಡು ದಿನ ಕೂತು ಮತ್ತೆ ಬರೆದೆ. ಈಗ ಇರುವುದು ಒಂದೇ ಕಮಾಂಡ್. ಅದರ ಹೆಸರು "ಮನೆ".

ಹೌದು, ಕನ್ನಡ ಅಕ್ಷರದಲ್ಲೇ. ಪೈಯನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಲಿನಕ್ಸಿನಲ್ಲಿ ಫೈಲಿನ ಹೆಸರು ಕನ್ನಡದಲ್ಲಿರಬಹುದು, ಫೈಲಿನ ಹೆಸರೇ ಕಮಾಂಡ್ ಆದ್ದರಿಂದ ಕಮಾಂಡೂ ಕನ್ನಡದಲ್ಲಿರಬಹುದು. ಅಪ್ಪ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ಅವರ ಬೆರಳಲ್ಲೇ ಇದೆ. ಹಳೆಯ ಲ್ಯಾಪ್‌ಟಾಪಿನ ಲಿನಕ್ಸಿಗೆ ಕಗಪ ಕೀಲಿಮಣೆ ಹಾಕಿಕೊಟ್ಟೆ, ಕೆ.ಪಿ. ರಾವ್ ಅವರು ರೂಪಿಸಿದ ಅದೇ ವಿನ್ಯಾಸ. ಅಪ್ಪ ಕೀಲಿಗಳನ್ನು ನೋಡದೆಯೇ ಹೊಡೆದರು.

ತೊಂದರೆ ಬಂದಿದ್ದು ಬೇರೆ ಕಡೆ. ಕಮಾಂಡ್ ಹೊಡೆಯುವ ಪರದೆ, ಟರ್ಮಿನಲ್, ಅಂದರೆ ಚೌಕಳಿ ಹಾಳೆ ಇದ್ದಂತೆ, ಒಂದು ಚೌಕಕ್ಕೆ ಒಂದು ಅಕ್ಷರ. ಒತ್ತಕ್ಷರ ಬಂದರೆ ಅದು ಅಕ್ಷರದ ಕೆಳಗೆ ಇಳಿಯದೆ ಪಕ್ಕಕ್ಕೆ ಜಾರುತ್ತದೆ, ಸಾಲೇ ಮುರಿಯುತ್ತದೆ. ಅದಕ್ಕೇ ಒತ್ತಿಲ್ಲದ ಪದಗಳನ್ನು ಹುಡುಕಿದೆ. "ಇವತ್ತು" ಹೋಗಿ "ದಿನ" ಆಯಿತು. "ವ್ಯಾಟ್" ಬಿಟ್ಟು ಬರೀ ಸಂಖ್ಯೆ. "ನಿಲ್ಲಿಸು" ಅಂತ ಇಟ್ಟಿದ್ದನ್ನು ಅಮ್ಮ "ಮಲಗು" ಮಾಡಿದಳು. ಪೈಗೆ ಮಾನಿಟರ್ ಸಿಕ್ಕಿಸಿ ನೇರವಾಗಿ ನೋಡಿದರೆ ಕನ್ನಡ ಕಾಣುವುದೇ ಇಲ್ಲ, ಬರೀ ಚೌಕಗಳು. ಆದ್ದರಿಂದ ಲ್ಯಾಪ್‌ಟಾಪಿನಿಂದಲೇ ಒಳಹೋಗಬೇಕು.

ಬರೀ "ಮನೆ" ಅಂತ ಹೊಡೆದು ಎಂಟರ್ ಒತ್ತಿದರೆ ಹೀಗೆ ಬರುತ್ತದೆ (ಈಗಿನದು ವ್ಯಾಟ್, ದಿನ ಮತ್ತು ತಿಂಗಳಿನದು ಯೂನಿಟ್, ಶಾಖ ಪೈಯದು):

ಈಗ: 340
ದಿನ: 3.2
ತಿಂಗಳು: 34.2
ಕೊನೆಯ ಓದು: 6 ಸೆಕೆಂಡು ಹಿಂದೆ
ಗಡಿಯಾರ: ಸರಿ
ಶಾಖ: 52
ಚಾರ್ಜರ್: ಸಾಲದು

ಮೊದಲು "ಮನೆ ಹೇಗಿದೆ" ಅಂತ ಹೊಡೆಯಬೇಕಿತ್ತು. ಅಪ್ಪ "ಹೆಗಿದೆ" ಅಂತ ದೀರ್ಘ ಬಿಟ್ಟರು, ಸ್ಕ್ರಿಪ್ಟ್ ಗೊತ್ತಿಲ್ಲ ಅಂತು. ಅಪ್ಪನ ಮುಖ ನೋಡಿ ಆ ಪದವನ್ನೇ ತೆಗೆದೆ. ಏನೂ ಹೇಳದಿದ್ದರೆ ಕ್ಷೇಮಸಮಾಚಾರ ಹೇಳುವುದು, ಅಷ್ಟೆ.

"ಕೊನೆಯ ಓದು" ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಹಳೆಯ ಸ್ಕ್ರಿಪ್ಟ್ ಕೇಳುತ್ತಿದ್ದುದು ಪ್ರೋಗ್ರಾಂಗಳನ್ನು ನಡೆಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯನ್ನು: ಸೆನ್ಸರಿನ ಸಂಖ್ಯೆಗಳನ್ನು ತಂದುಕೊಡುವ ಎಮಾನ್‌ಹಬ್ ನಡೆಯುತ್ತಿದೆಯಾ? ನಡೆಯುತ್ತಿದೆ ಅಂದರೆ ಎಲ್ಲ ಸರಿ ಅಂತ ಬರೆಯುತ್ತಿತ್ತು. ಆದರೆ ಕಳೆದ ಮಳೆಗಾಲದಲ್ಲಿ ಯುಎಸ್‌ಬಿ ವೈರು ಸಡಿಲವಾಗಿ ಮೂರು ದಿನ ಒಂದು ಸಂಖ್ಯೆಯೂ ಬರಲಿಲ್ಲ, ಪ್ರೋಗ್ರಾಂ ಮಾತ್ರ ಆರಾಮಾಗಿ ನಡೆಯುತ್ತಲೇ ಇತ್ತು. ಅಂಗಡಿ ಬಾಗಿಲು ತೆಗೆದಿದೆ ಅಂದ ಮಾತ್ರಕ್ಕೆ ಒಳಗೆ ಸಾಮಾನಿದೆ ಅಂತಲ್ಲ. ಈಗ ಸ್ಕ್ರಿಪ್ಟ್, ಸಂಖ್ಯೆಗಳನ್ನು ಅಂಚೆಯವನಂತೆ ದಾಟಿಸುವ ಮಾಸ್ಕಿಟೊ ಎಂಕ್ಯುಟಿಟಿಯಲ್ಲಿ ಒಂದು ಹೊಸ ಸಂಖ್ಯೆಗಾಗಿ ಹದಿನೈದು ಸೆಕೆಂಡ್ ಕಾಯುತ್ತದೆ. ಬಂದರೆ ಸರಿ. ಬರದಿದ್ದರೆ "ವೈರು ನೋಡಿ" ಅನ್ನುತ್ತದೆ. ಇಂಥ ಪೆಟ್ಟಿಗೆ ಇಟ್ಟುಕೊಂಡವರು ಬೇರೇನೂ ಬರೆಯದಿದ್ದರೂ ಈ ಒಂದು ಪರೀಕ್ಷೆ ಬರೆದುಕೊಳ್ಳಿ.

ಚಾರ್ಜರ್ ಸಾಲು ನನಗೇ ಆಶ್ಚರ್ಯ ತಂದಿತು. ಪೈ ತನಗೆ ಸಿಗುವ ವೋಲ್ಟೇಜ್ 4.63ಕ್ಕಿಂತ ಕೆಳಗಿಳಿದರೆ ಒಂದು ಗುರುತು ಹಾಕಿಕೊಳ್ಳುತ್ತದೆ. ಕೇಳಿದರೆ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, 50000 ಅಂತ ಹೇಳುತ್ತದೆ. ಅದರ ಅರ್ಥ, ಆನ್ ಆದಮೇಲೆ ಯಾವಾಗಲೋ ಒಮ್ಮೆ ವೋಲ್ಟೇಜ್ ಸಾಲದೆ ವೇಗ ಇಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸೊನ್ನೆ ಬದಲು 5 ಇದ್ದರೆ ಈ ಕ್ಷಣವೂ ಸಾಲುತ್ತಿಲ್ಲ ಅಂತ. ನಾನು ಹಾಕಿದ್ದು ಹಳೆಯ ಫೋನಿನ ಚಾರ್ಜರ್, ತೆಳು ವೈರು. ಎರಡು ವರ್ಷದಿಂದ ಅದು ಗೊಣಗುತ್ತಲೇ ಇತ್ತೇನೋ, ಕೇಳುವವರಿರಲಿಲ್ಲ. ಎರಡೂವರೆ ಆಂಪಿಯರಿನದು ತರಬೇಕು.

ಇನ್ನು "ತಿಂಗಳು". ನಾನು ಒಂದನೇ ತಾರೀಕಿನಿಂದ ಎಣಿಸಿದ್ದೆ. ಅಮ್ಮ ನೋಡಿದವಳೇ, "ಒಂದನೇ ತಾರೀಕಿನ ಲೆಕ್ಕ ತಗೊಂಡು ನಾನೇನು ಮಾಡ್ಲಿ? ಮೀಟರ್ ಓದೋಕೆ ಬರೋದು ಎಂಟಕ್ಕೆ" ಅಂದಳು. ಗೃಹಜ್ಯೋತಿಯಲ್ಲಿ ನಮಗೆ ಸಿಗುವುದು 2022-23ರ ಸರಾಸರಿ, ಅದರ ಮೇಲೆ ಶೇಕಡ ಹತ್ತು. ಅದು ನಮ್ಮ ಮನೆಗೆ 128 ಯೂನಿಟ್. ಅದನ್ನು ದಾಟಿದರೆ ಮೇಲಿನದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಅಮ್ಮನ ತಿಂಗಳು ಎಂಟರಿಂದ ಎಂಟಕ್ಕೆ. ಈಗ ಸ್ಕ್ರಿಪ್ಟಿನ ತಿಂಗಳೂ ಅಷ್ಟೇ.

"ಮನೆ ನಕಲು" ಎಲ್ಲ ಫೈಲುಗಳನ್ನೂ ಲ್ಯಾಪ್‌ಟಾಪಿಗೆ ಕಾಪಿ ಮಾಡುತ್ತದೆ. "ಮನೆ ಮಲಗು" ಬರೆಯುವ ಪ್ರೋಗ್ರಾಂಗಳನ್ನು ಒಂದೊಂದಾಗಿ ನಿಲ್ಲಿಸಿ, ಕೈಯಲ್ಲಿರುವುದನ್ನೆಲ್ಲ ಕಾರ್ಡಿಗೆ ಬರೆದು, ಆಮೇಲೆ ಆಫ್ ಮಾಡುತ್ತದೆ. ಎಸ್‌ಡಿ ಕಾರ್ಡು ಕೆಡುವುದು ಹೆಚ್ಚಾಗಿ ಬರೆಯುತ್ತಿರುವಾಗ ಕರೆಂಟ್ ಹೋದರೆ. ಮಧ್ಯಾಹ್ನ ಕರೆಂಟ್ ತೆಗೆಯುತ್ತಾರೆ ಅಂತ ಮೊದಲೇ ಗೊತ್ತಿದ್ದ ದಿನ ಅಮ್ಮ ಇನ್ನು ತಾನೇ ಮಲಗಿಸುತ್ತಾಳೆ.

ನನಗೆ ಅತಿ ಇಷ್ಟವಾಗಿದ್ದು ಅಪ್ಪ ಕೇಳಿ ಬರೆಸಿಕೊಂಡಿದ್ದು. "ಮನೆ ಮೀಟರ್" ಅಂತ ಹೊಡೆದು ಮುಂದೆ ಮೀಟರಿನ ಸಂಖ್ಯೆ ಕೊಟ್ಟರೆ, ಅವರ ಲೆಕ್ಕವನ್ನೂ ಪೆಟ್ಟಿಗೆಯ ಲೆಕ್ಕವನ್ನೂ ಅಕ್ಕಪಕ್ಕ ಇಡುತ್ತದೆ. ಎಂಟನೇ ತಾರೀಕು 4127, ಇವತ್ತು 4158. ಮೀಟರ್ ಪ್ರಕಾರ 31 ಯೂನಿಟ್, ಪೆಟ್ಟಿಗೆ ಪ್ರಕಾರ 34.2. "ನಿನ್ನ ಪೆಟ್ಟಿಗೆ ಮೂರು ಯೂನಿಟ್ ಜಾಸ್ತಿ ಹೇಳುತ್ತಲ್ಲಮ್ಮ" ಅಂದರು ಅಪ್ಪ. ನಿಜ. ನಮ್ಮ ಸಿ.ಟಿ. ಕರೆಂಟನ್ನು ಮಾತ್ರ ಅಳೆಯುತ್ತದೆ, ವೋಲ್ಟೇಜ್ 230 ಅಂತ ನಾನೇ ಬರೆದಿಟ್ಟಿದ್ದೇನೆ. ಸಂಜೆ ಹೊತ್ತು ನಮ್ಮ ಬೀದಿಯಲ್ಲಿ ಅಷ್ಟು ಇರುವುದಿಲ್ಲ. ಮೋಟಾರ್, ಫ್ರಿಜ್‌ಗಳಲ್ಲಂತೂ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಮೀಟರ್ ಅದನ್ನು ಕಳೆದು ಎಣಿಸುತ್ತದೆ, ನಮ್ಮದು ಕಳೆಯುವುದಿಲ್ಲ. ಗೋಡೆಗೆ ಒಂದು ಚಿಕ್ಕ ಎಸಿ ಅಡಾಪ್ಟರ್ ಹಾಕಿ ವೋಲ್ಟೇಜನ್ನೂ ಓದಿಸಿದರೆ ಸರಿಹೋಗುತ್ತದೆ. ಅಲ್ಲಿಯವರೆಗೆ 0.9ರಿಂದ ಗುಣಿಸಿ ಹೊಂದಿಸಿಬಿಡಬಹುದು, ಆದರೆ ನನಗೆ ಮನಸ್ಸಾಗಲಿಲ್ಲ. ಎರಡು ಸಂಖ್ಯೆಯೂ ಇರಲಿ, ವ್ಯತ್ಯಾಸ ಕಣ್ಣಿಗೆ ಕಾಣಲಿ.

ಕೊನೆಗೆ ಉಳಿದಿದ್ದು ಬುಧವಾರದ ಆ ಸುಳ್ಳು. ಇವತ್ತು ಮಧ್ಯಾಹ್ನ ಮೊದಲು ನಕಲು ತೆಗೆದು, ಪ್ರೋಗ್ರಾಂಗಳನ್ನು ನಿಲ್ಲಿಸಿ, ಕೈ ನಡುಗುತ್ತಲೇ ಫೈಲಿಗೆ ಕೈ ಹಾಕಿದೆ. ಒಟ್ಟು 1,500 ಸಂಖ್ಯೆ, 6,000 ಬೈಟ್. ಅವನ್ನು 2,058 ಸ್ಥಾನ ಮುಂದಕ್ಕೆ ಸರಿಸಬೇಕು. ಯೂನಿಟ್ ಕೂಡಿಸುವ ಫೈಲಿಗೂ ಹಾಗೆಯೇ. 11.17ರಿಂದ 11.50ರವರೆಗಿನ ನಿಜವಾದ ಲೆಕ್ಕದ ಮೇಲೆ ತಪ್ಪು ಲೆಕ್ಕ ಬಿದ್ದು ಅಳಿಸಿಹೋಗಿತ್ತು. ಆ ಮೂವತ್ಮೂರು ನಿಮಿಷವನ್ನು ಖಾಲಿ ಬಿಟ್ಟೆ. ಫ್ಯಾನೂ ಫ್ರಿಜ್ಜೂ ಓಡಿರುತ್ತವೆ ಅಂತ ಅಂದಾಜಿನಲ್ಲಿ ತುಂಬಿಸಬಹುದಿತ್ತು, ಆದರೆ ಅದು ನಾನು ಬರೆದ ಕಥೆಯಾಗುತ್ತಿತ್ತು.

ಆಮೇಲೆ ಅಪ್ಪನನ್ನು ಕರೆದು ಗ್ರಾಫ್ ತೋರಿಸಿದೆ. ಬೆಳಗ್ಗೆ 6.05ಕ್ಕೆ ಗೆರೆ ನೆಟ್ಟಗೆ ಮೇಲೇರಿ, 6.45ಕ್ಕೆ ಇಳಿದಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ನೋಟ್‌ಬುಕ್ ತೆಗೆದು, 12-3ರ ಸಾಲಿನ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ರೈಟ್ ಹಾಕಿದರು. "ಮೋಟಾರ್ ಹಾಕಿದ್ದು ನಾನೇ. ನಿಮ್ಮಮ್ಮಂಗೆ ಹೇಳು" ಅಂದರು.