ಅಪ್ಪನ ಎದೆನೋವು, ಅವ್ವನ ಬಸ್ಸಾರು

ಮಂಡ್ಯದ ಬಳಿಯ ನಮ್ಮೂರಿನಲ್ಲಿ ಕಬ್ಬು ಕಡಿಸುತ್ತಿದ್ದ ಅಪ್ಪ ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದಾಗ ಅವರಿಗೆ 51 ವರ್ಷ; ದೊಡ್ಡಪ್ಪ ತೀರಿಕೊಂಡಿದ್ದು 48ಕ್ಕೆ. ತಂದೆಗಾಗಲಿ ಒಡಹುಟ್ಟಿದ ಗಂಡಸರಿಗಾಗಲಿ 55ಕ್ಕೆ ಮೊದಲು, ತಾಯಿಗಾಗಲಿ ಒಡಹುಟ್ಟಿದ ಹೆಂಗಸರಿಗಾಗಲಿ 65ಕ್ಕೆ ಮೊದಲು ಹೃದಯದ ಕಾಯಿಲೆ ಬಂದಿದ್ದರೆ ಅದನ್ನು ವೈದ್ಯರು ನಮ್ಮ ಅಪಾಯದ ಲೆಕ್ಕಕ್ಕೂ ಸೇರಿಸುತ್ತಾರೆ ಎಂಬುದು ನನಗೆ ತಿಳಿದದ್ದು, ಮೈಸೂರಿನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ ಎಂಬ, ರಕ್ತನಾಳಗಳಲ್ಲಿ ಕಟ್ಟಿಕೊಳ್ಳುವ ‘ಕೆಟ್ಟ’ ಕೊಲೆಸ್ಟ್ರಾಲ್ ಹೆಚ್ಚಾಗಿ 168 ಎಂದು ಬಂದ ದಿನ.

"ನಿಮ್ಮಪ್ಪನ ಕಡೆಯೋರದ್ದೆಲ್ಲಾ ಹಿಂಗೇ ಕಣಪ್ಪ" ಎಂದು ಅವ್ವ ನಿಟ್ಟುಸಿರು ಬಿಟ್ಟರು. ಆ ಮಾತು ಅರ್ಧ ಮಾತ್ರ ನಿಜ. 55 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹುಟ್ಟಿನಿಂದಲೇ ಹೆಚ್ಚಿನ ಅಪಾಯ ಹೊತ್ತವರ ಪೈಕಿ, ಧೂಮಪಾನ ಮಾಡದಿರುವುದು, ಬೊಜ್ಜಿಲ್ಲದಿರುವುದು, ನಿಯಮಿತ ವ್ಯಾಯಾಮ, ಒಳ್ಳೆಯ ಆಹಾರ ಎಂಬ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರಿಗೆ, ಒಂದನ್ನಷ್ಟೇ ಪಾಲಿಸಿದವರಿಗಿಂತ ಅಥವಾ ಒಂದನ್ನೂ ಪಾಲಿಸದವರಿಗಿಂತ ಹೃದಯಾಘಾತದಂಥ ತೊಂದರೆಗಳ ಅಪಾಯ ಶೇ. 46ರಷ್ಟು ಕಡಿಮೆ ಇದ್ದದ್ದು ಕಂಡುಬಂದಿತ್ತು.

ವಾರಕ್ಕೆ ಎರಡು ಸಲ ಆಗುತ್ತಿದ್ದ ಬಾಡೂಟವನ್ನು ನಾವು ಹಬ್ಬಕ್ಕೆ ಇಳಿಸಿದೆವು. ಅದರ ಜಾಗಕ್ಕೆ ಬಂದದ್ದು ಹೊಸದೇನಲ್ಲ. ಅವ್ವ ಹುರುಳಿಕಾಳು, ದಂಟಿನ ಸೊಪ್ಪು ಬೇಯಿಸಿ ಕಟ್ಟು ಬಸಿದುಕೊಂಡು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಜೊತೆ ಒಂದು ಹಿಡಿ ಬೆಂದ ಕಾಳನ್ನೂ ರುಬ್ಬಿ ಆ ಕಟ್ಟಿಗೆ ಕದಡಿ ಕುದಿಸುತ್ತಾರೆ. ಉಳಿದ ಕಾಳುಸೊಪ್ಪು ಪಲ್ಯವಾಗುತ್ತದೆ. ಕಾಳುಗಳಲ್ಲಿರುವ, ನೀರಿನಲ್ಲಿ ಕರಗುವ ನಾರು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದಿಟ್ಟುಕೊಂಡು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತು ರಕ್ತದಿಂದಲೇ ಕೊಲೆಸ್ಟ್ರಾಲನ್ನು ಎಳೆದುಕೊಳ್ಳಬೇಕಾಗುತ್ತದೆ. ಮುದ್ದೆಯ ಪಕ್ಕದ ಈ ಸಾರು ಇಷ್ಟು ಕೆಲಸ ಮಾಡುತ್ತದೆಂದು ತಿಳಿದಾಗ ನನಗೆ ಅವ್ವನ ಒಲೆಯ ಮೇಲೆ ಗೌರವ ಹೆಚ್ಚಿತು. ಆದರೆ ಮಾಂಸ ಬಿಟ್ಟ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. ಎಣ್ಣೆಯಲ್ಲಿ ಕರಿದ ಮದ್ದೂರು ವಡೆಯೂ ತುಪ್ಪದ ಮೈಸೂರು ಪಾಕೂ ಸಸ್ಯಾಹಾರವೇ. ಉಪ್ಪಂತೂ ನಮ್ಮ ಕಡೆ ಧಾರಾಳ. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ, ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಊಟವೊಂದೇ ಸಾಕೆಂದು ನಾನು ಹೇಳುವುದಿಲ್ಲ. ಲಿಪೊಪ್ರೋಟೀನ್ (ಎ) ಎಂಬ, ಹೃದಯದ ಅಪಾಯ ಹೆಚ್ಚಿಸುವ ರಕ್ತದಲ್ಲಿನ ಕೊಬ್ಬಿನ ಕಣದ ಪ್ರಮಾಣ ಬಹುಮಟ್ಟಿಗೆ ಹುಟ್ಟಿನಿಂದಲೇ ನಿಗದಿಯಾಗಿರುತ್ತದೆ, ಪಥ್ಯಕ್ಕೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಆರು ತಿಂಗಳ ಬಸ್ಸಾರು ಮತ್ತು ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗಿನ ನಡಿಗೆಯ ನಂತರ ನನ್ನ ಎಲ್‌ಡಿಎಲ್ 139ಕ್ಕೆ ಇಳಿಯಿತು. ಮನೆತನದ ಚರಿತ್ರೆ ನೋಡಿ ವೈದ್ಯರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಬರೆದರು. ರಾತ್ರಿ ಊಟವಾದ ಮೇಲೆ ತಪ್ಪದೆ ನುಂಗುತ್ತೇನೆ.

ತಮ್ಮನಿಗೆ ಈಗ 36. ಅವನು ಇನ್ನೂ ಒಮ್ಮೆಯೂ ರಕ್ತ ಪರೀಕ್ಷೆ ಮಾಡಿಸಿಲ್ಲ. ಬರುವ ಸೋಮವಾರ ಊರಿನಿಂದ ಮೊದಲ ಬಸ್ಸಿಗೆ ಅವನನ್ನು ಹತ್ತಿಸುವುದಾಗಿ ಅವ್ವ ಒಪ್ಪಿಕೊಂಡಿದ್ದಾರೆ.