ಬೆಳಿಗ್ಗೆ ಬಳಿದ ಎಪಾಕ್ಸಿ

ಡಲ್ಲಾಸ್‌ನಲ್ಲಿ ಜುಲೈ ಬಂತೆಂದರೆ ನಮ್ಮ ಗ್ಯಾರೇಜು ಕಾದ ಕಾವಲಿ. ಅಲ್ಲೇ ನಾನು ಆರ್‌ವಿ-7ಎ ಕಟ್ಟುತ್ತಿದ್ದೇನೆ. ಎರಡು ಸೀಟಿನ ವಿಮಾನ, ಆರೆಗಾನ್‌ನಿಂದ ಕಿಟ್ ಆಗಿ ಬರುತ್ತದೆ. ಮೈ ಬಹುಪಾಲು ಅಲ್ಯೂಮಿನಿಯಂ. ಎಂಜಿನ್ ಮುಚ್ಚುವ ಕೌಲಿಂಗ್, ರೆಕ್ಕೆಯ ತುದಿಗಳು, ಚಕ್ರಕ್ಕೆ ಹಾಕುವ ವೀಲ್ ಪ್ಯಾಂಟ್ ಎಂಬ ಕವಚ ಇವೆಲ್ಲ ಫೈಬರ್‌ಗ್ಲಾಸ್, ಅಂದರೆ ಗಾಜಿನ ನೂಲಿನ ಬಟ್ಟೆಗೆ ರಾಳ ಹಾಕಿ ಅಚ್ಚಿನಲ್ಲಿ ಗಟ್ಟಿ ಮಾಡಿದ್ದು. ಸಾವಿರಾರು ರಿವೆಟ್ ಹೊಡೆದಾಗ ಬರದ ಸುಸ್ತು, ಇವನ್ನು ಪೇಂಟಿಗೆ ರೆಡಿ ಮಾಡುವಾಗ ಬಂತು.

ಮೊದಲು ಸೋಪು ನೀರಲ್ಲಿ ಚೆನ್ನಾಗಿ ತೊಳೆಯಬೇಕು. ಅಚ್ಚಿನಿಂದ ಬಂದ ಮೇಣ ಮೈಮೇಲೆ ಉಳಿದಿರುತ್ತದೆ. ತೊಳೆಯದೆ ಉಜ್ಜಿದರೆ ಅದೇ ಮೇಣ ಗೀರುಗಳೊಳಗೆ ಸೇರಿಕೊಳ್ಳುತ್ತೆ, ಆಮೇಲೆ ಬಣ್ಣ ಹಿಡಿಯಲ್ಲ. ತಗ್ಗು ಇದ್ದ ಕಡೆ ಎಪಾಕ್ಸಿಗೆ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಮೈಕ್ರೋಬಲೂನ್ ಕಲಸಿ ತುಂಬಿದೆ. ಮೈಕ್ರೋಬಲೂನ್ ಅಂದರೆ ಹಿಟ್ಟಿನಂಥ ಬಿಳಿ ಪುಡಿ. ಪ್ರತಿ ಕಣವೂ ಒಳಗೆ ಟೊಳ್ಳಾದ ಗಾಜಿನ ಗುಂಡು. ಹಾಗಾಗಿ ತೂಕ ಕಮ್ಮಿ, ಉಜ್ಜಲೂ ಸುಲಭ. ಗಟ್ಟಿ ಚಟ್ನಿಯ ಹದಕ್ಕೆ ಕಲಸಿದರೆ ಜಾರದೆ ನಿಲ್ಲುತ್ತದೆ. ಉಜ್ಜುವಾಗ ಮಾಸ್ಕ್ ಮಾತ್ರ ಬಿಡಬಾರದು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಆರು ತಿಂಗಳಿಗೆಂದು ಬಂದಿದ್ದ ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಇಷ್ಟೊಂದು ಉಪ್ಪುಕಾಗದ ಯಾಕೋ?" ಅಂದರು. ಒರಟಾದ 80ನೇ ನಂಬರಿನಿಂದ ಶುರುಮಾಡಿ ನುಣ್ಣನೆಯ 320ರವರೆಗೆ ಸಾಲಾಗಿ ಜೋಡಿಸಿಟ್ಟಿದ್ದೆ.

ಕೊನೆಗೊಂದು ಶನಿವಾರ ಬೆಳಿಗ್ಗೆ ಎಂಟಕ್ಕೆ, ತಂಪಿರುವಾಗಲೇ ಮುಗಿಸೋಣ ಅಂತ, ವೀಲ್ ಪ್ಯಾಂಟಿನ ಮೇಲೆ ಬರೀ ಎಪಾಕ್ಸಿ ಬಳಿದು ಪ್ಲಾಸ್ಟಿಕ್ ಕಾರ್ಡಿನಿಂದ ಎಳೆದೆ. ಭಾನುವಾರ ಉಜ್ಜಿದಾಗ ಗಾಜಿನಷ್ಟು ನುಣುಪು. ಪ್ರೈಮರ್ ಹೊಡೆದೆ. ಒಣಗಿದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದೆ. ಮೈತುಂಬಾ ಸೂಜಿಮೊನೆಯಷ್ಟು ತೂತು! ನೂರಾರು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಇವೇ ಪಿನ್‌ಹೋಲ್. ಗಾಜಿನ ನೂಲಿನ ನೇಯ್ಗೆಯ ನಡುವೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು, ಉಜ್ಜಿದಾಗ ಬಾಯಿ ತೆರೆಯುತ್ತವೆ. ಪ್ರೈಮರ್ ಹೊಡೆಯುವ ಮುಂಚೆ ಕಣ್ಣಿಗೆ ಬೀಳುವುದು ಕಷ್ಟ. ನನ್ನ ತಪ್ಪೇನೆಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಬಳಿದಿದ್ದೆ, ಅದೇ ತಪ್ಪು. ಬಿಸಿಲೇರಿದ ಹಾಗೆ ತೂತಿನೊಳಗಿನ ಗಾಳಿ ಹಿಗ್ಗಿ, ಎಪಾಕ್ಸಿ ಗಟ್ಟಿಯಾಗುವ ಮೊದಲೇ ಅದನ್ನು ಹೊರಕ್ಕೆ ತಳ್ಳಿತ್ತು. ಅಮ್ಮನಿಗೆ ಹೇಳಿದೆ. "ಪೂರಿ ಉಬ್ಬಿದ ಹಾಗೆ ಅಲ್ವಾ?" ಅಂದರು. ಪೂರಿಯನ್ನು ಉಬ್ಬಿಸುವುದು ಹೆಚ್ಚಾಗಿ ನೀರಾವಿ, ಆದರೂ ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಪ್ರೈಮರ್ ಪೂರಾ ಉಜ್ಜಿ ತೆಗೆಯಲು ಮೂರು ಸಂಜೆ ಹಿಡಿಯಿತು. ನೂಲು ಕೊಯ್ಯಬಾರದಲ್ವಾ, ಕೈ ಹಗುರವಾಗಿ ಆಡಬೇಕು. ನಾಲ್ಕನೇ ದಿನ ಕತ್ತಲಾಗುವ ಹೊತ್ತಿಗೆ ಶುರುಮಾಡಿದೆ. ಹೇರ್ ಡ್ರೈಯರ್‌ನಿಂದ ಮೈ ಬೆಚ್ಚಗೆ ಮಾಡಿ, ತಣಿಯಲು ಬಿಟ್ಟೆ. ತಣಿಯುತ್ತಿರುವಾಗಲೇ ಎಪಾಕ್ಸಿ ಸುರಿದು ಕಾರ್ಡಿನಿಂದ ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ಒತ್ತಿ ಎಳೆದೆ. ಒಳಗಿನ ಗಾಳಿ ಕುಗ್ಗುವಾಗ ಎಪಾಕ್ಸಿಯನ್ನು ತಾನೇ ಎಳೆದುಕೊಳ್ಳುತ್ತದೆ. ಒಂದು ಪಿನ್‌ಹೋಲಿಗೆ ಟಾರ್ಚ್ ಬಿಟ್ಟು ನೋಡುತ್ತಿದ್ದೆ. ಅದರ ಬಾಯಲ್ಲಿ ನಿಂತಿದ್ದ ಹನಿ ಮೆಲ್ಲಗೆ ಒಳಗಿಳಿಯಿತು. ಎಷ್ಟು ಖುಷಿಯಾಯಿತು ಗೊತ್ತಾ!

ಮರುದಿನ ಮೊದಲು ನೀರು ಹಾಕಿ ತೊಳೆದೆ. ಕೆಲವು ಎಪಾಕ್ಸಿ ಗಟ್ಟಿಯಾಗುವಾಗ ಮೇಲೆ ಜಿಡ್ಡಿನ ಪದರ ಬಿಡುತ್ತವೆ. ಅದು ನೀರಿಗೆ ಹೋಗುತ್ತೆ, ಉಜ್ಜಿದರೆ ಕಾಗದಕ್ಕೆ ಮೆತ್ತಿಕೊಳ್ಳುತ್ತೆ ಅಷ್ಟೆ. ಆಮೇಲೆ ಉಜ್ಜಿ, ಪ್ರೈಮರ್ ಹೊಡೆದು, ಟಾರ್ಚ್ ಹಿಡಿದೆ. ಒಂದೆರಡು ತೂತು ಬಿಟ್ಟರೆ ಎಲ್ಲ ಮುಚ್ಚಿದ್ದವು.

ತಗ್ಗು ಪತ್ತೆ ಮಾಡಲು ಬರಿಗೈಗಿಂತ ತೆಳು ಬಟ್ಟೆಯ ಮೇಲಿಂದ ಸವರುವುದು ವಾಸಿ. ಬಟ್ಟೆ ಸರಾಗ ಜಾರುತ್ತೆ, ಬೆರಳಿಗೆ ಏರಿಳಿತ ಮಾತ್ರ ಸಿಗುತ್ತೆ. ಅಮ್ಮ ತಮ್ಮ ಹಳೆಯ ಕಾಟನ್ ಸೀರೆಯ ತುಂಡು ತಂದರು. ನಾನು ಎರಡು ಸಲ ಸವರಿ, "ಸರಿಯಾಗಿದೆ ಅಮ್ಮ" ಅಂದೆ.

ಅವರು ಬಟ್ಟೆ ಇಸ್ಕೊಂಡು, ಕಣ್ಣು ಮುಚ್ಚಿ ನಿಧಾನಕ್ಕೆ ಸವರಿದರು. ವೀಲ್ ಪ್ಯಾಂಟಿನ ಮೂಗಿನ ಹತ್ತಿರ ಕೈ ನಿಂತಿತು.

"ಇಲ್ಲೊಂದು ತಗ್ಗಿದೆ ನೋಡೋ."

ಇತ್ತು. ಪೆನ್ಸಿಲ್ ತಗೊಂಡು ಸುತ್ತ ಗೆರೆ ಎಳೆದೆ.