ಲಾಖಾ ಖಾನರ ಸಾರಂಗಿ ಕೇಳಲು ಜೋಧಪುರಕ್ಕೆ ಹೊರಟವರಿಗೆ

ಜೋಧಪುರದ 'ರಿಫ್' (ರಾಜಸ್ಥಾನ್ ಇಂಟರ್‌ನ್ಯಾಷನಲ್ ಫೋಕ್ ಫೆಸ್ಟಿವಲ್) ಜನಪದ ಸಂಗೀತ ಉತ್ಸವಕ್ಕೆ ಹೋಗುವ ಆಸೆ ಇದ್ದರೆ ಮೊದಲು ಕ್ಯಾಲೆಂಡರಿನಲ್ಲಿ ಸೀಗೆ ಹುಣ್ಣಿಮೆ ಯಾವಾಗ ಅಂತ ನೋಡಿಕೊಳ್ಳಿ. ಆ ಕಡೆಯವರು ಅದನ್ನೇ ಶರದ್ ಪೂರ್ಣಿಮಾ ಅನ್ನುತ್ತಾರೆ. 2007ರಲ್ಲಿ ಶುರುವಾದ ಈ ಉತ್ಸವ ಮೆಹ್ರಾನ್‌ಗಢ ಕೋಟೆಯಲ್ಲಿ ಆ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುತ್ತದೆ. ವಿಜಯದಶಮಿ ಕಳೆದು ಐದು ದಿನಕ್ಕೆ ಹುಣ್ಣಿಮೆ. ಅಂದರೆ ದಸರಾ ರಜೆಯ ಗದ್ದಲದಲ್ಲೇ ನೀವು ಟಿಕೆಟ್ ಹುಡುಕಬೇಕು.

ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಹೋಗುವ ಜೋಧಪುರ ರೈಲಿದೆ, ಆದರೆ ದಿನಾ ಇಲ್ಲ. ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅವತ್ತೇ ಮಾಡಿಬಿಡಿ. ಉತ್ಸವದ ಪಾಸ್ ಮಾತ್ರ ಕಲಾವಿದರ ಪಟ್ಟಿ ನೋಡಿ ಆಮೇಲೆ ತೆಗೆದುಕೊಳ್ಳಿ. ನಿಮ್ಮ ಮೆಚ್ಚಿನ ಹಾಡುಗಾರರು ಪ್ರತಿ ವರ್ಷ ಇರುತ್ತಾರೆ ಅಂತೇನಿಲ್ಲ. ರೈಲು ಟಿಕೆಟ್ ರದ್ದು ಮಾಡಿದರೆ ಸ್ವಲ್ಪ ದುಡ್ಡು ಹೋಗುತ್ತದೆ, ಅಷ್ಟೇ.

ನಾನು ಹೋದದ್ದು ಲಾಖಾ ಖಾನ್ ಒಬ್ಬರಿಗಾಗಿ. ವರ್ಷಗಟ್ಟಲೆ ಯೂಟ್ಯೂಬಿನಲ್ಲೇ ಕೇಳಿದ್ದೆ. ಅವರು ರಾಜಸ್ಥಾನದ ಮಾಂಗಣಿಯಾರ್ ಎಂಬ ಹಾಡುಗಾರ ಸಮುದಾಯದವರು. ಧರ್ಮದಿಂದ ಮುಸ್ಲಿಮರು, ಆದರೆ ತಲೆತಲಾಂತರದಿಂದ ಹಿಂದೂ ಯಜಮಾನರ ಮನೆಯ ಮದುವೆಗೆ, ಮಗು ಹುಟ್ಟಿದ ಸಂಭ್ರಮಕ್ಕೆ ಹಾಡುತ್ತಾ ಬಂದ ಜನ. ಅವರ ಬಾಯಲ್ಲಿ ಕಬೀರ, ಮೀರಾ, ಪಂಜಾಬಿನ ಸೂಫಿ ಕವಿ ಬುಲ್ಲೇ ಶಾಹ್ ಎಲ್ಲರೂ ಬರುತ್ತಾರೆ. ಶರೀಫಜ್ಜನ ತತ್ವಪದ ಕೇಳಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಇಲ್ಲ, ಅಲ್ವಾ? ಮಾಂಗಣಿಯಾರರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಕಮಾಯ್ಚಾ, ಕಮಾನಿನಿಂದ ನುಡಿಸುವ ಬೇರೊಂದು ತಂತಿವಾದ್ಯ. ಸಿಂಧಿ ಸಾರಂಗಿ ಹೆಚ್ಚಾಗಿ ಲಂಗಾ ಎಂಬ ಇನ್ನೊಂದು ಹಾಡುಗಾರ ಸಮುದಾಯದವರ ವಾದ್ಯ. ಆದರೆ ಲಾಖಾ ಖಾನರು ಈ ಸಾರಂಗಿಯನ್ನೇ ನುಡಿಸುತ್ತಾ ಹಾಡುತ್ತಾರೆ. 2021ರಲ್ಲಿ ಪದ್ಮಶ್ರೀ ಬಂತು.

ಉತ್ಸವದಲ್ಲಿ ರಾತ್ರಿಯ ದೊಡ್ಡ ವೇದಿಕೆ ಇರುತ್ತದೆ, ಹಗಲಿನ ಸಣ್ಣ ಕೂಟಗಳಿರುತ್ತವೆ, ಬೆಳಗಿನ ಜಾವದ ಕಛೇರಿಯೂ ಇರುತ್ತದೆ. ಹೆಚ್ಚಿನವರು ರಾತ್ರಿಯದಕ್ಕೆ ಮುಗಿಬೀಳುತ್ತಾರೆ. ನನ್ನನ್ನು ಕೇಳಿದರೆ ಬೆಳಗಿನ ಜಾವವನ್ನು ಮಾತ್ರ ಬಿಡಬೇಡಿ. ಅದು ನಡೆಯುವುದು ಕೋಟೆಯ ಹತ್ತಿರದ ಜಸ್ವಂತ್ ಥಡಾದಲ್ಲಿ. ಎರಡನೇ ಜಸ್ವಂತ್ ಸಿಂಗನ ನೆನಪಿಗೆ 1899ರಲ್ಲಿ ಕಟ್ಟಿಸಿದ ಬಿಳಿ ಅಮೃತಶಿಲೆಯ ಸ್ಮಾರಕ ಅದು. ಕತ್ತಲಿರುವಾಗಲೇ ಹೋಗಿ ಕೂರಬೇಕು. ಆ ಹೊತ್ತಿಗೆ ಆಟೋ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಹಿಂದಿನ ರಾತ್ರಿಯೇ ಒಬ್ಬ ಡ್ರೈವರ್ ಹತ್ತಿರ ಮಾತಾಡಿ, ಫೋನ್ ನಂಬರ್ ತೆಗೆದುಕೊಂಡಿರಿ. ಒಂದು ಶಾಲು ಇರಲಿ. ಅಕ್ಟೋಬರ್ ಮಧ್ಯಾಹ್ನ ಜೋಧಪುರ ಸುಡುತ್ತದೆ, ಆದರೆ ನಸುಕಿನಲ್ಲಿ ಕಲ್ಲಿನ ಮೇಲೆ ಕೂತರೆ ಚಳಿ ಮೈಗೆ ಹತ್ತುತ್ತದೆ. ಮಂಡಿನೋವು ಇದ್ದವರು ಬೆನ್ನಿಗೆ ಆಸರೆ ಸಿಗುವ ಜಾಗ ಹಿಡಿಯಲು ಇನ್ನೂ ಬೇಗ ಹೋಗಬೇಕು.

ಜಾಗ ಹಿಡಿಯುವಾಗ ಸ್ಪೀಕರ್ ಕಡೆ ನೋಡಬೇಡಿ, ಸಾರಂಗಿ ಹಿಡಿದ ಎಡಗೈ ಕಾಣುವ ಕಡೆ ಕೂರಿ. ಸಾರಂಗಿಯಲ್ಲಿ ಬೆರಳ ತುದಿಯಿಂದ ತಂತಿ ಒತ್ತುವುದಿಲ್ಲ. ಉಗುರಿನ ಬುಡವನ್ನು ತಂತಿಯ ಪಕ್ಕಕ್ಕೆ ತಾಗಿಸಿ ಜಾರಿಸುತ್ತಾರೆ. ಕಮಾನು ಆಡುವ ತಂತಿಗಳು ಕೆಲವೇ, ಅವುಗಳ ಕೆಳಗೆ ತಾವಾಗಿಯೇ ಮಿಡಿಯುವ ತಂತಿಗಳ ದೊಡ್ಡ ಸಾಲೇ ಇದೆ. ಶ್ರುತಿ ಮಾಡಲು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದವರು ಗೊಣಗುತ್ತಾ ಫೋನ್ ತೆಗೆಯುತ್ತಾರೆ. ನೀವು ಸುಮ್ನೆ ಕಿವಿಗೊಟ್ಟು ಕೂರಿ. ಒಂದೊಂದೇ ತಂತಿ ದಾರಿಗೆ ಬರುವುದನ್ನು ಕೇಳುವುದೇ ಚಂದ, ರೆಕಾರ್ಡಿಂಗಿನಲ್ಲಿ ಅದನ್ನು ಕತ್ತರಿಸಿರುತ್ತಾರೆ.

ಹಾಡು ಶುರುವಾದ ಮೇಲೆ ನನಗೆ ಹೊಸದಾಗಿ ಕಂಡದ್ದು ಅವರ ನಿಧಾನ. ವಿಡಿಯೋದಲ್ಲಿ ಹಾಡುಗಳು ಚುಟುಕಾಗಿ ಮುಗಿಯುತ್ತವೆ. ಇಲ್ಲಿ ಒಂದು ಸಾಲು ಹಾಡಿ, ಅದನ್ನು ಸಾರಂಗಿಗೆ ಬಿಟ್ಟುಕೊಟ್ಟು, ಅದು ಹೇಳಿದ್ದನ್ನು ಕೇಳಿಸಿಕೊಂಡು ಮತ್ತೆ ಬಾಯಿ ತೆರೆಯುತ್ತಾರೆ. ಪಕ್ಕದಲ್ಲಿ ಮಗ ದಾನೇ ಖಾನ್ ಢೋಲಕ್. ಅಪ್ಪನ ಮುಖ ನೋಡಿಕೊಂಡೇ ನುಡಿಸುತ್ತಾರೆ, ಅವಸರ ಇಲ್ಲವೇ ಇಲ್ಲ. ಬೆಳಕು ಹರಿದು ಎದುರಿನ ಕೋಟೆ ಕಾಣಿಸುವಾಗ ಕ್ಯಾಮೆರಾಗಳೆಲ್ಲ ಆ ಕಡೆ ತಿರುಗಿದವು. ನಾನು ತಿರುಗಲಿಲ್ಲ. ಕೋಟೆ 1459ರಿಂದ ಅಲ್ಲೇ ಇದೆ, ಮಧ್ಯಾಹ್ನವೂ ಇರುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಮಾರವಾಡಿ, ಸಿಂಧಿ, ಪಂಜಾಬಿ ಎಲ್ಲ ಬರುತ್ತದೆ, ಹಿಂದಿ ಗೊತ್ತಿದ್ದರೂ ಅರ್ಧಂಬರ್ಧ. ಹೊರಡುವ ಮೊದಲು ಕಬೀರನ ಒಂದಿಷ್ಟು ದೋಹೆಗಳನ್ನು ಅರ್ಥದ ಜೊತೆ ಓದಿಕೊಂಡು ಹೋದರೆ ನಡುನಡುವೆ ಪರಿಚಿತ ಸಾಲು ಸಿಗುತ್ತದೆ. ಸಿನಿಮಾದಿಂದ ಹೆಸರಾದ ರಾಜಸ್ಥಾನಿ ಹಾಡು ಹಾಡಿ ಅಂತ ಕೂಗುವವರು ಎಲ್ಲ ಕಡೆ ಇರುತ್ತಾರೆ. ದಯವಿಟ್ಟು ಆ ಗುಂಪಿಗೆ ಸೇರಬೇಡಿ. ಮುಗಿದ ಮೇಲೆ ಹತ್ತಿರ ಹೋಗಿ 'ಖಮ್ಮಾ ಘಣಿ' ಅಂದು ಕೈಮುಗಿದರೆ ಸಾಕು. ಸೆಲ್ಫಿಗೆ ಮೊದಲು ಕೇಳಿ. ವಯಸ್ಸಾದವರು, ಅಷ್ಟು ಹೊತ್ತು ಹಾಡಿ ದಣಿದಿರುತ್ತಾರೆ.

ಕೋಟೆಯ ರಾತ್ರಿ ಕಾರ್ಯಕ್ರಮಗಳೂ ಚೆನ್ನಾಗಿವೆ, ಬೆಳಕು ಮತ್ತು ಅಬ್ಬರ ಸ್ವಲ್ಪ ಜಾಸ್ತಿ. ಏರು ದಾರಿ ಕಡಿದು, ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ. ಉಳಿದುಕೊಳ್ಳಲು ಘಂಟಾಘರ್ (ಗಡಿಯಾರ ಗೋಪುರ) ಸುತ್ತಿನ ಹಳೇ ಊರು ಅನುಕೂಲ. ಆದರೆ ಅಲ್ಲಿನ ಗಲ್ಲಿಗಳಿಗೆ ಕಾರು ಹೋಗುವುದಿಲ್ಲ, ದೊಡ್ಡ ಸೂಟ್‌ಕೇಸ್ ಬೇಡ.

ಒಂದು ದಿನ ಮಿಕ್ಕರೆ ಊರಾಚೆ ಮೊಕಲಾವಾಸ್ ಹತ್ತಿರದ ಅರ್ನಾ ಝರ್ನಾ ಮ್ಯೂಸಿಯಂಗೆ ಹೋಗಿ. ಮಾಂಗಣಿಯಾರ್, ಲಂಗಾ ಹಾಡುಗಾರರನ್ನು ಹೊರಜಗತ್ತಿಗೆ ಪರಿಚಯಿಸಿದ ಕೋಮಲ್ ಕೊಠಾರಿಯವರ ಕನಸಿನ ಜಾಗ ಅದು. ಅಲ್ಲಿ ಮುಖ್ಯವಾಗಿ ಇಟ್ಟಿರುವುದು ಪೊರಕೆಗಳನ್ನು! ಯಾವ ಸೀಮೆಯಲ್ಲಿ ಯಾವ ಹುಲ್ಲು ಬೆಳೆಯುತ್ತದೆ, ಅದನ್ನು ಯಾರು ಕಟ್ಟುತ್ತಾರೆ ಅಂತ ನೋಡುತ್ತಾ ಹೋದರೆ ಹಾಡುಗಳಲ್ಲಿ ಕೇಳಿದ ಮರಳುನಾಡು ಕಣ್ಣಿಗೆ ಕಾಣುತ್ತದೆ. ಹೋಗಿಬರಲು ಸೇರಿಸಿಯೇ ಆಟೋ ಮಾತಾಡಿಕೊಳ್ಳಿ.